ಎರಿ ಹೊಲ, ಬಂಡೆಗುಡ್ಡ, ಕಾಲುವೆ ಏರಿ: ಈ ಸೀಮೆಗೆ ಯಾವ ಗಾಡಿ?

ಯಾದಗಿರಿ, ಶಹಾಪುರ, ಸುರಪುರಗಳನ್ನು ಡಾಂಬರು ರಸ್ತೆಯ ಮೇಲೆಯೇ ಸುತ್ತಿ ಮುಗಿಸುವವರಿಗೆ ಯಾವ ಗಾಡಿಯಾದರೂ ನಡೆಯುತ್ತದೆ. ಜೇವರ್ಗಿಯಿಂದ ಹೊರಟ 150ಎ ಹೆದ್ದಾರಿ ಶಹಾಪುರ, ಸುರಪುರಗಳ ಮೇಲೆ ಹಾದು, ತಿಂಥಣಿ ಹತ್ತಿರ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನ ಕಡೆ ಹೋಗುತ್ತದೆ. ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಟೇಲರ್ ಮಂಜಿಲ್ ಎಲ್ಲವೂ ಊರಿಗೆ ಅಂಟಿಕೊಂಡೇ ಇವೆ. ಆದರೆ ಕೃಷ್ಣಾ ಮತ್ತು ಭೀಮಾ ಸೀಮೆಯ ಈ ನೆಲದ ಗಂಟು ಇರುವುದು ಹೆದ್ದಾರಿಯಿಂದ ಒಳಗೆ. ವಿಭೂತಿಹಳ್ಳಿಯ ಸಾಲುಗಲ್ಲುಗಳು, ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳು, ಬೂದಿಹಾಳದ ಬೂದಿದಿಬ್ಬ, ಔರಂಗಜೇಬ 1705ರಲ್ಲಿ ತನ್ನ ಕಡೆಯ ದೊಡ್ಡ ಮುತ್ತಿಗೆ ಹಾಕಿದ ವಾಗಣಗೇರಾ, ಹುಣಸಗಿ ಬಳಿಯ ಇಸಾಂಪುರದ ಕಲ್ಲಾಯುಧಗಳ ನೆಲೆ, ವಿಜಯಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಗೋಗಿ, ಬೋನಾಳದ ಕೆರೆ, ಗುರುಮಠಕಲ್ ಕಡೆಯ ಕಾಡು. ಕೆಲವಕ್ಕೆ ಡಾಂಬರು ಬಾಗಿಲವರೆಗೂ ಇದೆ. ಇನ್ನು ಕೆಲವಕ್ಕೆ ಕಡೆಯ ತುಣುಕು ಹೊಲದ ಹಾದಿ, ಕಾಲುವೆ ಏರಿ ಇಲ್ಲವೇ ಹಳ್ಳದ ಪಾತ್ರ.

ಈ ಕಡೆಯ ತುಣುಕಿಗಾಗಿಯೇ ಗಾಡಿ ಆರಿಸಬೇಕೆಂದರೆ ಯಾವುದು? ಶೋರೂಮಿನಲ್ಲಿ ಈ ಪ್ರಶ್ನೆ ಕೇಳಿದರೆ ಸಿಸಿ, ಅಶ್ವಶಕ್ತಿ, ಮೀಟರಿನ ಬಣ್ಣದ ಪರದೆಗಳ ಮಾತು ಬರುತ್ತದೆ. ಹೊಲದ ಬದುವಿನ ಮೇಲೆ ಅದೇ ಪ್ರಶ್ನೆ ಕೇಳಿದರೆ ಬರುವ ಮಾತು ಬೇರೆ: ಬಿದ್ದರೆ ಒಬ್ಬನೇ ಎತ್ತಬಹುದೇ, ತಳ ಕಲ್ಲಿಗೆ ಬಡಿಯುತ್ತದೆಯೇ, ಕೆಟ್ಟರೆ ಮುಂದಿನ ಊರಿನಲ್ಲಿ ರಿಪೇರಿ ಆಗುತ್ತದೆಯೇ. ಈ ಸೀಮೆಯಲ್ಲಿ ಎರಡನೆಯ ಬಗೆಯ ಪ್ರಶ್ನೆಗಳಿಗೇ ಬೆಲೆ. ಮಾರುಕಟ್ಟೆಯಲ್ಲಿರುವ ಗಾಡಿಗಳನ್ನು ಅವುಗಳ ಬೆಳಕಿನಲ್ಲಿ ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನೆಲ

ಗಾಡಿಗಿಂತ ಮೊದಲು ಮಣ್ಣು ಓದಬೇಕು. ಇಲ್ಲಿ ಸ್ಥೂಲವಾಗಿ ನಾಲ್ಕು ಬಗೆಯ ನೆಲವಿದೆ.

ಒಂದು, ಬಂಡೆಗುಡ್ಡ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗ್ರಾನೈಟ್ ಗುಡ್ಡಗಳ ಮಗ್ಗುಲಲ್ಲಿ ಬೆಳೆದ ಊರುಗಳು. ಗುಡ್ಡದ ಬುಡದಲ್ಲಿ ಮಸಾರಿ ಮಣ್ಣು, ಗರಸು, ಅಲ್ಲಲ್ಲಿ ಸಡಿಲ ಕಲ್ಲು. ಮಳೆ ಬಂದರೂ ನೀರು ಬೇಗ ಇಂಗುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ. ಇಲ್ಲಿ ಗಾಡಿಗೆ ಅಪಾಯ ಕೆಳಗಿನಿಂದ: ಎಂಜಿನ್ನಿನ ಹೊಟ್ಟೆ ಮತ್ತು ಸೈಲೆನ್ಸರಿನ ಕೊಳವೆ ಬಂಡೆಗೆ ತಾಗುತ್ತವೆ.

ಎರಡು, ಎರಿ. ಹತ್ತಿ, ತೊಗರಿ, ಜೋಳ ಬೆಳೆಯುವ ಕಪ್ಪು ಮಣ್ಣು. ಒಣಗಿದಾಗ ಸಿಮೆಂಟಿನಷ್ಟು ಗಟ್ಟಿ, ನಡುವೆ ಬಿರುಕು. ಟ್ರ್ಯಾಕ್ಟರಿನ ಗಾಲಿ ಕೊರೆದ ಎರಡು ಗುಂಡಿಸಾಲುಗಳ ನಡುವಿನ ದಿಂಡಿನ ಮೇಲೆ ಸಮತೋಲ ಹಿಡಿದು ಹೋಗಬೇಕು. ನೀರು ಬಿದ್ದಾಗ ಇದೇ ಮಣ್ಣು ಉಬ್ಬಿ ಅಂಟಾಗುತ್ತದೆ. ಟೈರಿಗೆ ಹತ್ತಿದ ಮಣ್ಣು ಸುತ್ತಿ ಬಂದು ಮಡ್‌ಗಾರ್ಡಿನ ಒಳಗೆ ಕೂರುತ್ತದೆ. ಮರುಸುತ್ತಿಗೆ ಅದರ ಮೇಲೆ ಇನ್ನೊಂದು ಪದರ, ಆ ಪದರಕ್ಕೆ ಹುಲ್ಲುಕಡ್ಡಿ, ಸಣ್ಣ ಹರಳು ಸೇರಿ ಇನ್ನಷ್ಟು ಬಿಗಿ. ಸ್ವಲ್ಪ ದೂರ ಹೋಗುವುದರೊಳಗೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿ, ಹಿಂದಿನ ಚಕ್ರದ ನೂಕಿಗೆ ನೇಗಿಲಿನಂತೆ ಮಣ್ಣು ಕೊರೆಯುತ್ತ ಬರುತ್ತದೆ. ಆಗ ಎಂಜಿನ್ ಬಲದಿಂದ ಆಗುವುದು ಏನೂ ಇಲ್ಲ. ಹಾಗೇ ಒತ್ತಿದರೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಇಳಿದು, ಗಟ್ಟಿ ಕಟ್ಟಿಗೆಯೊಂದನ್ನು ಹುಡುಕಿ, ಮಡ್‌ಗಾರ್ಡಿನ ಸಂದಿಯಲ್ಲಿ ತೂರಿಸಿ ಮಣ್ಣು ಕೆದರಿ ತೆಗೆಯುವುದೊಂದೇ ದಾರಿ.

ಮೂರು, ಸುಣ್ಣಗಲ್ಲಿನ ನೆಲ. ಹುಣಸಗಿ ಸುತ್ತಿನ ಹಳ್ಳಗಳು ಎಷ್ಟೋ ಕಡೆ ಹಾಸುಗಲ್ಲಿನ ಮೇಲೆಯೇ ಹರಿಯುತ್ತವೆ. ಒಣಗಿದಾಗ ಇದಕ್ಕಿಂತ ಒಳ್ಳೆಯ ರಸ್ತೆ ಇಲ್ಲ. ನೀರು ಹರಿಯುವಾಗ ಕಲ್ಲಿನ ಮೇಲೆ ಪಾಚಿ ಹತ್ತಿ, ಬ್ರೇಕು ಮುಟ್ಟಿದರೂ ಗಾಡಿ ಜಾರುತ್ತದೆ. ಈ ಕಲ್ಲನ್ನೇ ಒಡೆದು ಆಯುಧ ಮಾಡಿಕೊಂಡ ಆದಿಮಾನವರ ನೆಲೆ ಇಸಾಂಪುರದಲ್ಲಿ ಸಿಕ್ಕಿದೆ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಅಂದಾಜಿಸಲಾಗಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಈ ಹುಣಸಗಿ–ಬೈಚಬಾಳ ಕಣಿವೆಯ ಹಳ್ಳ ಹಳ್ಳ ತಿರುಗಿ ಇಂಥ ನೆಲೆಗಳನ್ನು ಗುರುತಿಸಿದರು. ಅಂಥ ಜಾಗಗಳಿಗೆ ಇಂದಿಗೂ ನೇರ ರಸ್ತೆಗಿಂತ ಹಳ್ಳದ ದಂಡೆಯೇ ಹತ್ತಿರದ ಹಾದಿ.

ನಾಲ್ಕು, ಮನುಷ್ಯ ಮಾಡಿದ ನೆಲ: ಕಾಲುವೆ ಏರಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ, ಅದರ ಶಹಾಪುರ ಶಾಖೆ, ಮುಡಬೂಳ ಶಾಖೆ, ಅವುಗಳಿಂದ ಕವಲೊಡೆದ ವಿತರಣಾ ಕಾಲುವೆಗಳು ಸುರಪುರ, ಶಹಾಪುರ ಸೀಮೆಯ ಉದ್ದಕ್ಕೂ ಜಾಲ ಹೆಣೆದಿವೆ. ಅವುಗಳ ಮಗ್ಗುಲಿನ ಗರಸಿನ ದಾರಿ ನೇರ, ಎತ್ತರ, ನೋಟಕ್ಕೆ ತೆರೆದದ್ದು. ಆದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಗಾಡಿಯನ್ನು ಅಲ್ಲೇ ಹಿಂದಕ್ಕೆ ತಿರುಗಿಸಲು ಬರಬೇಕು. ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ: ಕಾಲುವೆ ಸೀಮೆಯಲ್ಲಿ ಕೆಸರು ಮಳೆಗಾಲಕ್ಕಷ್ಟೇ ಸೇರಿದ್ದಲ್ಲ. ಚಾಲು–ಬಂದ್ ಪದ್ಧತಿಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಬಿಸಿಲು ಎಷ್ಟೇ ಇರಲಿ, ಸೋರಿದ ನೀರಿಗೆ ಎರಿದಾರಿ ನೆನೆದಿರುತ್ತದೆ. ಭತ್ತದ ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರಿನ ಕೇಜ್ ವೀಲ್ ಅದನ್ನು ಇನ್ನಷ್ಟು ಕಲಸಿರುತ್ತದೆ.

ಇವುಗಳ ಜೊತೆಗೆ ಭೀಮಾ, ಕೃಷ್ಣಾ ದಂಡೆಯ ಉಸುಕು, ಎಲ್ಲೆಲ್ಲೂ ಇರುವ ಬಳ್ಳಾರಿ ಜಾಲಿಯ ಮುಳ್ಳು, ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಚೂಪಾದ ಕೂಳಿ. ಪಂಚರಿನ ಲೆಕ್ಕದಲ್ಲಿ ಕಡೆಯ ಎರಡನ್ನು ಮರೆಯುವಂತಿಲ್ಲ.

ಹಿಂದೆ ಏನಿತ್ತು

1840ರ ದಶಕದಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ರಾಜನಕೋಳೂರು ಮೊದಲಾದ ಕಡೆಯ ಶಿಲಾಸಮಾಧಿಗಳನ್ನು ಮೊದಲು ದಾಖಲಿಸಿದವನು. ಅದು ಕುದುರೆ, ಪಲ್ಲಕ್ಕಿಗಳ ಕಾಲ. ಎಂಜಿನ್ ಗಾಡಿ ಹಳ್ಳಿಗೆ ಬಂದದ್ದು ಬಹಳ ತಡವಾಗಿ. ಎಸ್ಕಾರ್ಟ್ಸ್ ಕಂಪನಿ 1960ರ ದಶಕದಲ್ಲಿ ತಂದ ರಾಜದೂತ್ 175 ದೇಶದ ಹಳ್ಳಿಗಳಲ್ಲೆಲ್ಲ ಹಾಲಿನವರ, ರೈತರ ಗಾಡಿಯಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಹೊರತಂದಿತು. ಕಬ್ಬಿಣದ ಗಟ್ಟಿತನ, ಒದ್ದರೆ ಹತ್ತುವ ಎರಡು ಸ್ಟ್ರೋಕಿನ ಎಂಜಿನ್ನು, ಯಾರಾದರೂ ಬಿಚ್ಚಿ ಜೋಡಿಸಬಲ್ಲ ಸರಳತೆ ಇವುಗಳ ಬಂಡವಾಳ. ಕುಡಿತ ಜಾಸ್ತಿ, ತೂಕವೂ ಜಾಸ್ತಿ.

ಲೆಕ್ಕ ತಿರುಗಿಸಿದ್ದು 1985ರ ಹೀರೊ ಹೋಂಡಾ ಸಿಡಿ 100, ಆಮೇಲೆ 1994ರ ಸ್ಪ್ಲೆಂಡರ್. ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನ್, ಕಡಿಮೆ ಪೆಟ್ರೋಲು, ಹಗುರ ಮೈ. ಯಾರೂ ಅದನ್ನು ಅಡ್ವೆಂಚರ್ ಬೈಕ್ ಎಂದು ಮಾರಲಿಲ್ಲ. ಆದರೂ ಇವತ್ತು ಎರಿ ಹೊಲದ ನಡುವೆ, ಗುಡ್ಡದ ಗುಡಿಯ ಮೆಟ್ಟಿಲ ಬುಡದಲ್ಲಿ, ಕಾಲುವೆ ತೂಬಿನ ಪಕ್ಕದಲ್ಲಿ ನಿಂತಿರುವ ಗಾಡಿಗಳಲ್ಲಿ ಹೆಚ್ಚಿನವು ಇದೇ ಸಂತಾನ. ಹೊಸ ಗಾಡಿ ಆರಿಸುವವರು ಈ ಸಾಕ್ಷ್ಯವನ್ನು ಕಡೆಗಣಿಸಿ ಮುಂದೆ ಹೋಗಬಾರದು.

ಯಾವುದನ್ನು ಅಳೆಯಬೇಕು

ಮೊದಲನೆಯದು ತೂಕ. ಒಳದಾರಿಯಲ್ಲಿ ಗಾಡಿ ಬೀಳುವುದು ಅಪರೂಪದ ಅಪಘಾತ ಅಲ್ಲ, ದಿನದ ಮಾತು. ನಿಂತಲ್ಲೇ ಕಾಲು ಜಾರಿ ವಾಲುತ್ತದೆ. ಕಾಲುವೆ ಏರಿಯ ಇಳಿಜಾರಿನ ಕಡೆ ವಾಲಿದ ಗಾಡಿಯನ್ನು ಸಮನೆಲಕ್ಕೆ ಎತ್ತುವುದಿದ್ದರೆ ಅದರ ಭಾರ ಎರಡು ಪಟ್ಟು ಅನ್ನಿಸುತ್ತದೆ. 110 ಕಿಲೋದ ಗಾಡಿಯನ್ನು ಒಬ್ಬ ಸಾಮಾನ್ಯ ಮೈಕಟ್ಟಿನವನು ಎತ್ತುತ್ತಾನೆ. 160 ಕಿಲೋದ್ದನ್ನು ಎತ್ತುವ ರೀತಿ ಗೊತ್ತಿದ್ದರೆ ಎತ್ತುತ್ತಾನೆ. 200ರ ಹತ್ತಿರದ್ದಕ್ಕೆ ಇನ್ನೊಬ್ಬ ಬರುವವರೆಗೆ ಕಾಯಬೇಕು. ಗಾಡಿ ಪೂರಾ ಕೆಟ್ಟು ನಿಂತರೂ ಹಗುರವಾದದ್ದನ್ನು ಮೂವರು ಸೇರಿ ಟ್ರ್ಯಾಕ್ಟರ್ ಟ್ರೇಲಿಗೋ ಟಂಟಂಗೋ ಹೇರಬಹುದು.

ಎರಡನೆಯದು ತಳದ ಎತ್ತರ. ನೆಲದಿಂದ ಎಂಜಿನ್ ಹೊಟ್ಟೆಗೆ 165 ಮಿಲಿಮೀಟರ್ ಇದ್ದರೆ ಹೊಲದ ಹಾದಿಗೆ ಸಾಕು, ಬಂಡೆಗುಡ್ಡಕ್ಕೆ ಸಾಲದು. 200 ದಾಟಿದರೆ ನೆಮ್ಮದಿ. ಮೂರನೆಯದು ಸೀಟಿನ ಎತ್ತರ, ಇದು ಎರಡನೆಯದಕ್ಕೆ ಎದುರಾಳಿ. ತಳ ಎತ್ತರವಾದಷ್ಟೂ ಸೀಟೂ ಏರುತ್ತದೆ. ಐದೂಕಾಲು ಅಡಿಯವರಿಗೆ 880 ಮಿಲಿಮೀಟರ್ ಸೀಟಿನ ಮೇಲೆ ಕೂತು ಗುಂಡಿಸಾಲಿನಲ್ಲಿ ಕಾಲೂರುವುದು ಕಷ್ಟ. ಬೀಳುವ ಗಾಡಿಗಳಲ್ಲಿ ಅರ್ಧ ಬೀಳುವುದು ಕಾಲು ನೆಲಕ್ಕೆ ಎಟುಕದೆ.

ನಾಲ್ಕನೆಯದು ಚಕ್ರ. ಮುಂದಿನ ಚಕ್ರ ದೊಡ್ಡದಾದಷ್ಟೂ ಗುಂಡಿ, ಕಲ್ಲುಗಳ ಮೇಲೆ ಸಲೀಸಾಗಿ ಹತ್ತುತ್ತದೆ. 21 ಇಂಚು ಆದರ್ಶ, 18 ಪರವಾಗಿಲ್ಲ, 10–12 ಇಂಚಿನ ಸ್ಕೂಟರ್ ಚಕ್ರ ಬೇಡ. ಐದನೆಯದು ಮಡ್‌ಗಾರ್ಡು ಮತ್ತು ಟೈರಿನ ನಡುವಿನ ಸಂದಿ. ಎರಿ ಸೀಮೆಯಲ್ಲಿ ಇದು ಶಾಕಪ್ಪಿಗಿಂತ ಮುಖ್ಯ. ಆರನೆಯದು ಕಿಕ್. ಬ್ಯಾಟರಿ ಸತ್ತ ದಿನ ಅದರ ಬೆಲೆ ತಿಳಿಯುತ್ತದೆ. ಏಳನೆಯದು ಬಿಡಿಭಾಗ: ಕ್ಲಚ್ ಕೇಬಲ್, ಬ್ರೇಕ್ ಲಿವರ್, ಚೈನು ಕೆಂಭಾವಿಯಲ್ಲೋ ಕಕ್ಕೇರಿಯಲ್ಲೋ ಸಿಗುತ್ತದೆಯೇ, ಇಲ್ಲ ಕಲಬುರಗಿಗೆ ಹೋಗಬೇಕೇ?

ಅಶ್ವಶಕ್ತಿ ಈ ಪಟ್ಟಿಯಲ್ಲಿ ಇಲ್ಲ. ಒಳದಾರಿಯ ವೇಗ ಗಂಟೆಗೆ ಇಪ್ಪತ್ತು–ಮೂವತ್ತು ಕಿಲೋಮೀಟರ್ ದಾಟುವುದು ಕಡಿಮೆ. ಅಲ್ಲಿ ಬೇಕಾದದ್ದು ಮೊದಲ ಗೇರಿನಲ್ಲಿ ಆರದೆ, ಹಾರದೆ ನಿಧಾನ ಎಳೆಯುವ ಗುಣ.

ನೂರರ ಗಾಡಿಗಳು

ಮೊದಲು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು: ಟಿವಿಎಸ್ ಎಕ್ಸ್‌ಎಲ್ 100. 99.7 ಸಿಸಿ, 90 ಕಿಲೋಗೂ ಕಡಿಮೆ ತೂಕ, ಗೇರಿಲ್ಲ, 16 ಇಂಚಿನ ಚಕ್ರ. ಗೊಬ್ಬರದ ಚೀಲ, ಮೇವಿನ ಸಿವುಡು, ಪಂಪ್‌ಸೆಟ್ಟಿನ ಪೈಪು ಹೊತ್ತು ಬದುವಿನ ಮೇಲೆ ಹೋಗುವ ಗಾಡಿ ಇದು. ಬಂಡೆ ಏರಿನಲ್ಲಿ ಉಸಿರು ಕಟ್ಟುತ್ತದೆ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಭಯ. ಆದರೆ ಒಂದೇ ಊರಿನ ಸುತ್ತ ಹತ್ತು ಹದಿನೈದು ಕಿಲೋಮೀಟರಿನ ಹೊಲದ ಹಾದಿಗಳನ್ನು ತಿರುಗಿ ಹಕ್ಕಿ ನೋಡುವವರಿಗೆ, ಶಾಸನ ಹುಡುಕುವವರಿಗೆ ಇದನ್ನು ಮೀರಿಸುವ ಅಗ್ಗದ ಸಾಧನ ಇಲ್ಲ. ಸಿಕ್ಕಿಬಿದ್ದರೆ ಇಬ್ಬರು ಎತ್ತಿ ಪಕ್ಕಕ್ಕೆ ಇಡಬಹುದು.

ನಂತರ ಹೀರೊ ಸ್ಪ್ಲೆಂಡರ್ ಪ್ಲಸ್, ಅದರ ತಮ್ಮ ಎಚ್‌ಎಫ್ ಡೀಲಕ್ಸ್. ಎರಡಕ್ಕೂ ಒಂದೇ 97.2 ಸಿಸಿ ಎಂಜಿನ್, ಎಂಟು ಅಶ್ವಶಕ್ತಿ, ನಾಲ್ಕು ಗೇರು, 18 ಇಂಚಿನ ಚಕ್ರ, ತೂಕ 110 ಕಿಲೋ ಆಸುಪಾಸು. 165 ಮಿಲಿಮೀಟರ್ ತಳ, 785ರ ಆಸುಪಾಸಿನ ಸೀಟು. ತಳ ಕಡಿಮೆ, ಮುಂದಿನ ಮಡ್‌ಗಾರ್ಡು ಟೈರಿಗೆ ಅಂಟಿಕೊಂಡಂತಿದೆ, ಹಿಂದಿನ ಶಾಕಪ್ ಇಬ್ಬರು ಕೂತರೆ ಬುಡ ಮುಟ್ಟುತ್ತದೆ. ಇವು ದೋಷಗಳು. ಗುಣ ಒಂದೇ, ಆದರೆ ದೊಡ್ಡದು: ಪಾನ್ ಅಂಗಡಿ ಇರುವ ಊರಲ್ಲೆಲ್ಲ ಇದರ ಕ್ಲಚ್ ಕೇಬಲ್ ಸಿಗುತ್ತದೆ, ಇದನ್ನು ಬಿಚ್ಚಬಲ್ಲ ಹುಡುಗ ಸಿಗುತ್ತಾನೆ. ಹೋಂಡಾ ಶೈನ್ 100 ಇದೇ ಜಾತಿಯದು. 2023ರಲ್ಲಿ ಬಂದ ಈ ಗಾಡಿ 99 ಕಿಲೋ ಮಾತ್ರ ತೂಗುತ್ತದೆ, ತಳ 168 ಮಿಲಿಮೀಟರ್.

ಈ ಗುಂಪಿನಲ್ಲಿ ಹೊಲದ ಹಾದಿಗೆ ಹೆಚ್ಚು ಹೊಂದುವವು ಬಜಾಜಿನವು. ಪ್ಲಾಟಿನಾ 100ರ ತಳ 200 ಮಿಲಿಮೀಟರ್ ಎತ್ತರ, ತೂಕ 117 ಕಿಲೋ, ಉದ್ದ ಸೀಟು, ಮೆತ್ತನೆಯ ಶಾಕಪ್. ಕಂಪನಿ ಅದನ್ನು ಆರಾಮದ ಗಾಡಿ ಎಂದು ಮಾರುತ್ತದೆ. ಕಲ್ಲುದಾರಿಯಲ್ಲಿ ಆ ಆರಾಮವೇ ಸಾಮರ್ಥ್ಯವಾಗುತ್ತದೆ. 2021ರಲ್ಲಿ ಬಂದ ಸಿಟಿ 110ಎಕ್ಸ್ ಇನ್ನೂ ನೇರ ಮಾತಿನದು: 115 ಸಿಸಿ, 127 ಕಿಲೋ, ಹೊಟ್ಟೆಯ ಕೆಳಗೆ ಲೋಹದ ತಟ್ಟೆ, ಹಿಂದೆ ಸಾಮಾನು ಕಟ್ಟುವ ಕ್ಯಾರಿಯರು, ಸ್ವಲ್ಪ ಗಟ್ಟಿ ಕಡಿತದ ಟೈರು, 170 ಮಿಲಿಮೀಟರ್ ತಳ. ಹಳೆಯದೊಂದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬಾರದ ಗಾಡಿ.

ಹಳೆಯ ಯಮಹಾ ಆರ್‌ಎಕ್ಸ್ 100ರ ಮೋಹ ಇಲ್ಲಿಯೂ ಇದೆ. ನೂರು ಕಿಲೋ ಚಿಲ್ಲರೆ ತೂಕ, ಹನ್ನೊಂದು ಅಶ್ವಶಕ್ತಿ, ಕಿಕ್ಕು. ಕಾಗದದ ಮೇಲೆ ಸೊಗಸು. ಆದರೆ ತಯಾರಿಕೆ 1996ಕ್ಕೇ ನಿಂತ ಗಾಡಿಗೆ ಇಂದು ಕೇಳುವ ಬೆಲೆ ನೆನಪಿಗೆ ಕೊಡುವ ಬೆಲೆ. ಅಸಲಿ ಬಿಡಿಭಾಗವೂ ಅಪರೂಪ. ತಿರುಗಾಡಲು ಬೇಕಾದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ನಡುವಿನ ಸಾಲು

ಒಳದಾರಿಗೆಂದೇ ಮಾಡಿದ ಅಗ್ಗದ ಭಾರತೀಯ ಗಾಡಿಯ ಕಥೆ ಶುರುವಾಗುವುದು 2011ರ ಹೀರೊ ಇಂಪಲ್ಸ್‌ನಿಂದ. 150 ಸಿಸಿ, 13 ಅಶ್ವಶಕ್ತಿ, 134 ಕಿಲೋ, ಎತ್ತರದ ಶಾಕಪ್, ಎತ್ತರದ ಮಡ್‌ಗಾರ್ಡು. ಹೆದ್ದಾರಿಗೆ ಬಲ ಸಾಲದು ಎಂಬ ದೂರಿನಿಂದ ಮಾರಾಟ ಕುಂಟಿತು, ಕೆಲವೇ ವರ್ಷಗಳಲ್ಲಿ ನಿಂತಿತು. ಈ ಸೀಮೆಯ ಅಳತೆಗೋಲಿನಿಂದ ನೋಡಿದರೆ ಅದು ಸೋತ ಗಾಡಿ ಅಲ್ಲ, ಬೇಗ ಬಂದ ಗಾಡಿ. ತೂಕ ಮತ್ತು ತಳ ಎರಡರಲ್ಲೂ ಅದರಷ್ಟು ಹದವಾದ ಗಾಡಿ ಆಮೇಲೆ ಆ ಬೆಲೆಗೆ ಬರಲಿಲ್ಲ. ಹಳೆಯದನ್ನು ಕೊಳ್ಳುವವರು ಕೋನ್ ಸೆಟ್, ಫೋರ್ಕಿನ ಎಣ್ಣೆ ಸೋರಿಕೆ, ಸ್ವಿಂಗ್ ಆರ್ಮಿನ ಬುಶ್ ಮೂರನ್ನು ನೋಡಿಯೇ ಕೊಳ್ಳಬೇಕು. ಸಾಲದ ಗುರುತು ಆರ್‌ಸಿಯಿಂದ ತೆಗೆದಿದೆಯೇ ಎಂಬುದನ್ನೂ.

ಇಂಪಲ್ಸಿನ ವಾರಸುದಾರ 2019ರ ಎಕ್ಸ್‌ಪಲ್ಸ್ 200. ಮುಂದೆ 21, ಹಿಂದೆ 18 ಇಂಚಿನ ಕಡ್ಡಿಚಕ್ರ, 190 ಮತ್ತು 170 ಮಿಲಿಮೀಟರ್ ಶಾಕಪ್ ಚಲನೆ, 220 ಮಿಲಿಮೀಟರ್ ತಳ, ಹೊಟ್ಟೆಯ ಕೆಳಗೆ ತಟ್ಟೆ, ಮೇಲಕ್ಕೆತ್ತಿದ ಸೈಲೆನ್ಸರ್. 2021ರಲ್ಲಿ ನಾಲ್ಕು ವಾಲ್ವಿನ ಎಂಜಿನ್ ಬಂದು 19 ಅಶ್ವಶಕ್ತಿಯಾಯಿತು, ತೂಕ 158 ಕಿಲೋ ಆಸುಪಾಸು. ಗುಡ್ಡದ ಬುಡದ ಸಡಿಲ ಕಲ್ಲು, ಹಳ್ಳದ ಹಾಸುಗಲ್ಲು, ಒಣ ಎರಿಯ ಗುಂಡಿಸಾಲು ಮೂರರಲ್ಲೂ ಇದರ ಮುಂದಿನ ಚಕ್ರ ಸ್ಪ್ಲೆಂಡರಿಗೆ ಸಾಧ್ಯವಾಗದ ಕೆಲಸ ಮಾಡುತ್ತದೆ. ಕೊರತೆಗಳೂ ಸ್ಪಷ್ಟ. ಕಿಕ್ ಇಲ್ಲ. ಕಡ್ಡಿಚಕ್ರವಾದ್ದರಿಂದ ಟ್ಯೂಬಿನ ಟೈರು, ಜಾಲಿಮುಳ್ಳಿನ ನಾಡಿನಲ್ಲಿ ಟ್ಯೂಬು ತೆಗೆದು ತೇಪೆ ಹಾಕುವುದನ್ನು ಕಲಿಯಲೇಬೇಕು. ನಡುಮಳೆಯ ಎರಿಯಲ್ಲಿ ಇದಕ್ಕೂ ಬಿಡುಗಡೆ ಇಲ್ಲ; ಮಡ್‌ಗಾರ್ಡು ತುಸು ತಡವಾಗಿ ತುಂಬುತ್ತದೆ, ಅಷ್ಟೇ.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನೀರಿನಿಂದ ತಣಿಯುವ ಎಂಜಿನ್ನಿನದು: 24.6 ಅಶ್ವಶಕ್ತಿ, 168 ಕಿಲೋ, ಬಿಡುಗಡೆಯಾದಾಗ ಶೋರೂಂ ಬೆಲೆ 1.76 ಲಕ್ಷದಿಂದ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬಂದು ಇಲ್ಲಿ ತಿರುಗಿ ಹಿಂದಿರುಗುವವರಿಗೆ ಹಳೆಯದಕ್ಕಿಂತ ಇದು ವಾಸಿ. ಆದರೆ ರೇಡಿಯೇಟರಿನ ಸಂದಿಗಳಿಗೆ ಎರಿ ಕೆಸರು ಸಿಡಿದು ಒಣಗಿದರೆ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಕಾಯುತ್ತದೆ. ಪ್ರತಿ ತಿರುಗಾಟದ ನಂತರ ಅದನ್ನು ತೊಳೆಯಬೇಕು. ಇಲ್ಲಿಯೇ ಇದ್ದು ಇಲ್ಲಿಯೇ ತಿರುಗುವವರಿಗೆ ಗಾಳಿಯಿಂದ ತಣಿಯುವ 200 ಇನ್ನೂ ಸರಳ ಆಯ್ಕೆ.

ಕವಾಸಾಕಿ ಕೆಎಲ್‌ಎಕ್ಸ್ 230 ಇನ್ನೊಂದು ದಿಕ್ಕು. 2024ರ ಕಡೆಗೆ ಇಲ್ಲಿಗೆ ಬಂದಾಗ ಬೆಲೆ 3 ಲಕ್ಷ ದಾಟಿತ್ತು, ಆಮೇಲೆ ತಗ್ಗಿತು. 139 ಕಿಲೋ ಎಂದರೆ ಎಕ್ಸ್‌ಪಲ್ಸಿಗಿಂತ ಹಗುರ. ಶಾಕಪ್ ಚಲನೆಯೂ ಜಾಸ್ತಿ. ಶುದ್ಧ ಗುಡ್ಡದಾರಿಗೆ ಈ ಪಟ್ಟಿಯಲ್ಲಿ ಇದೇ ಮೇಲು. ಆದರೆ 880 ಮಿಲಿಮೀಟರ್ ಸೀಟು ಎಲ್ಲರಿಗೂ ಒಗ್ಗದು, ಏಳೂವರೆ ಲೀಟರಿನ ಟ್ಯಾಂಕು ದೂರದ ಸುತ್ತಿಗೆ ಸಾಲದು. ಒಂದು ಲಿವರ್ ಮುರಿದರೆ ಸುರಪುರದ ಅಂಗಡಿಯಲ್ಲಿ ಸಿಗುವ ಭರವಸೆಯೂ ಇಲ್ಲ.

ದೊಡ್ಡವುಗಳ ಮಾತು

ಸುಜುಕಿ ವಿ–ಸ್ಟ್ರಾಮ್ ಎಸ್‌ಎಕ್ಸ್ 250 (167 ಕಿಲೋ), ರಾಯಲ್ ಎನ್‌ಫೀಲ್ಡ್ ಹಿಮಾಲಯನ್ (411 ಆಗಲಿ 450 ಆಗಲಿ, 200 ಕಿಲೋ ಅಂಚಿನವು) ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಸರೇ ಹೇಳುವಂತೆ ಹಿಮಾಲಯನ್ ಉದ್ದ ಘಟ್ಟದ ದಾರಿಗೆ, ಸಾಮಾನು ಹೇರಿಕೊಂಡು ದಿನಗಟ್ಟಲೆ ಹೋಗುವುದಕ್ಕೆ ಮಾಡಿದ ಗಾಡಿ. ಯಾದಗಿರಿಯಿಂದ ಗುರುಮಠಕಲ್ ಕಡೆಯ ಗರಸಿನ ರಸ್ತೆಯಲ್ಲಿ ಚೆನ್ನಾಗಿಯೇ ಹೋಗುತ್ತದೆ. ತೊಂದರೆ ಶುರುವಾಗುವುದು ಹಾದಿ ಒಂದೇ ಮಾರಿನಷ್ಟು ಕಿರಿದಾಗಿ, ಮುಂದೆ ದಾರಿ ಇಲ್ಲವೆಂದು ತಿಳಿದು, ಅಲ್ಲೇ ತಿರುಗಿಸಬೇಕಾದಾಗ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದನ್ನು ದಾಟಿದವಕ್ಕೆ ಶೇ 40 ಆಗಿದೆ. ನೆಲ ಹೇಳುವುದನ್ನೇ ಈಗ ತೆರಿಗೆಯೂ ಹೇಳುತ್ತಿದೆ.

ಗಾಡಿಗಿಂತ ಟೈರು

ನೂರರ ಗಾಡಿಗೆ ಮೊದಲ ಖರ್ಚು ಟೈರಿಗೆ ಆಗಬೇಕು. 18 ಇಂಚಿನ ಚಕ್ರಕ್ಕೆ ದಪ್ಪ ಕಡಿತದ ಬಟನ್ ಟೈರು ಹಿಂದಕ್ಕೆ ಒಂದು ಹಾಕಿಸಿದರೆ ಗರಸು, ಒಣ ಎರಿ, ಹುಲ್ಲಿನ ಮೇಲೆ ಗಾಡಿಯ ನಡತೆಯೇ ಬದಲಾಗುತ್ತದೆ. ಡಾಂಬರಿನ ಮೇಲೆ ಅದು ಗುಂಯ್ ಎನ್ನುತ್ತದೆ, ತಿರುವಿನಲ್ಲಿ ಹಿಡಿತ ಕಡಿಮೆ. ಆ ವ್ಯಾಪಾರ ಒಪ್ಪಿಕೊಳ್ಳಬೇಕು. ಉಸುಕಿನಲ್ಲಿ, ಬಂಡೆಯ ಮೇಲೆ ಗಾಳಿ ತುಸು ಇಳಿಸಿದರೆ ಟೈರು ನೆಲಕ್ಕೆ ಅಗಲವಾಗಿ ಕೂರುತ್ತದೆ. ಡಾಂಬರಿಗೆ ಬಂದ ಕೂಡಲೇ ಪಂಪು ಹೊಡೆದು ಮತ್ತೆ ತುಂಬಬೇಕು.

ಎರಡನೆಯ ಕೆಲಸ ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಕಡಿಮೆ ಮಾಡಿಸುವುದು. ಹೆದ್ದಾರಿಯ ವೇಗ ಸ್ವಲ್ಪ ಇಳಿಯುತ್ತದೆ, ಮೊದಲ ಗೇರಿನ ಎಳೆತ ಏರುತ್ತದೆ, ಕ್ಲಚ್ ಉಳಿಯುತ್ತದೆ. ಮೂರನೆಯದು ಎಂಜಿನ್ನಿನ ಹೊಟ್ಟೆಗೆ ಒಂದು ತಗಡಿನ ತಟ್ಟೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಆದರೆ ಎಣ್ಣೆ ಬಿಡುವ ಬೋಲ್ಟಿಗೆ ಕಿಂಡಿ ಬಿಡಿಸಿ, ಇಲ್ಲವಾದರೆ ಪ್ರತಿ ಸರ್ವಿಸಿಗೂ ತಟ್ಟೆ ಬಿಚ್ಚಬೇಕು. ಮಳೆಗಾಲದಲ್ಲಿ ಮುಂದಿನ ಮಡ್‌ಗಾರ್ಡನ್ನು ವಾಷರ್ ಇಟ್ಟು ತುಸು ಮೇಲಕ್ಕೆತ್ತಿಸುವುದೂ ಉಪಯೋಗಕ್ಕೆ ಬರುತ್ತದೆ. ಸೈಲೆನ್ಸರ್ ಬದಲಿಸುವುದು, ಕನ್ನಡಿ ಕಿತ್ತುಹಾಕುವುದು ಬೇಡ. ಕಾನೂನಿಗೂ ತಪ್ಪು, ಹಳ್ಳಿಗೂ ಉಪದ್ರವ.

ಹತ್ತಿ, ಜೋಳದ ಹೊಲದ ಬೇಸಿಗೆ ಧೂಳು ಹಿಟ್ಟಿನಷ್ಟು ನುಣುಪು. ಏರ್ ಫಿಲ್ಟರನ್ನು ಕಂಪನಿಯ ಪುಸ್ತಕ ಹೇಳಿದ್ದಕ್ಕಿಂತ ಬೇಗ ನೋಡಬೇಕು. ಡ್ರಮ್ ಬ್ರೇಕಿನ ಗಾಡಿ ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಯೇ ಹೋಗಬೇಕು. ನೆನೆದ ಬ್ರೇಕು ಒಣಗುವವರೆಗೆ ಹಿಡಿಯುವುದಿಲ್ಲ. ಹಳ್ಳವನ್ನು ಗಾಡಿಯಿಂದ ಇಳಿದು ಕಾಲಲ್ಲಿ ನಡೆದು ನೋಡದೆ ದಾಟಬಾರದು. ಮೊಣಕಾಲು ಮುಟ್ಟಿದ ನೀರಿಗೆ ಸಣ್ಣ ಗಾಡಿ ಇಳಿಸುವುದು ದಡ್ಡತನ.

ಕಾಲ ಮತ್ತು ನಡತೆ

ಯಾವ ಗಾಡಿ ಎಂಬುದಕ್ಕಿಂತ ಯಾವ ತಿಂಗಳು ಎಂಬುದು ಇಲ್ಲಿ ಎಷ್ಟೋ ಸಲ ದೊಡ್ಡ ಪ್ರಶ್ನೆ. ನವೆಂಬರಿನಿಂದ ಫೆಬ್ರವರಿವರೆಗೆ ಎರಿ ಒಣಗಿರುತ್ತದೆ, ಬಿಸಿಲು ಸಹ್ಯ, ಬೋನಾಳದ ಕೆರೆಯಲ್ಲಿ ಹಕ್ಕಿ ಇರುತ್ತವೆ. ಜನವರಿಯಲ್ಲಿ ಮೈಲಾಪುರದ ಮೈಲಾರಲಿಂಗನ ಜಾತ್ರೆ. ಆ ದಿನಗಳಲ್ಲಿ ಆ ಕಡೆಯ ರಸ್ತೆಗಳನ್ನು ಜಾತ್ರೆಯವರಿಗೆ ಬಿಡುವುದು ಲೇಸು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲು. ಬೆಳಗ್ಗೆ ಹತ್ತರೊಳಗೆ ತಿರುಗಾಟ ಮುಗಿಸಬೇಕು. ಜೂನಿನಿಂದ ಅಕ್ಟೋಬರ್‌ವರೆಗೆ ಗರಸು, ಬಂಡೆಗುಡ್ಡಗಳ ಕಡೆ ಹೋಗಬಹುದು, ಎರಿ ಹೊಲಗಳ ಕಡೆ ಬೇಡ. ಸಿಕ್ಕಿಬೀಳುವುದಷ್ಟೇ ಕಾರಣ ಅಲ್ಲ. ನೆನೆದ ಎರಿಯಲ್ಲಿ ಕೊರೆದ ಗುಂಡಿಸಾಲು ಒಣಗಿದ ಮೇಲೆ ಹಾಗೇ ಗಟ್ಟಿಯಾಗಿ ಉಳಿಯುತ್ತದೆ, ಆಮೇಲೆ ಆ ಹಾದಿಯಲ್ಲಿ ಬಂಡಿ ಹೊಡೆಯುವ ರೈತನಿಗೆ ತಿಂಗಳುಗಟ್ಟಲೆ ಕಾಟ.

ನಡತೆಯ ಮಾತೂ ಗಾಡಿಯ ಆಯ್ಕೆಗೆ ಸೇರಿದ್ದೇ. ಹೊಲದ ಹಾದಿ ಎಂದರೆ ಯಾರದೋ ಹೊಲದ ಅಂಚು. ಎದುರಿಗೆ ಸಿಕ್ಕವರ ಹತ್ತಿರ ಎಂಜಿನ್ ನಿಲ್ಲಿಸಿ, “ಅಣ್ಣಾ, ಈ ಹಾದಿ ಮುಂದ ಎಲ್ಲಿಗಿ ಹೋಗ್ತದ್ರೀ?” ಎಂದು ಕೇಳಿದರೆ ನಕ್ಷೆಯಲ್ಲಿಲ್ಲದ ಉತ್ತರ ಸಿಗುತ್ತದೆ. ಮೊಬೈಲ್ ನಕ್ಷೆ ಕಾಲುವೆಯ ಆಚೆ ದಾರಿ ತೋರಿಸುತ್ತದೆ, ಸೇತುವೆ ಎಲ್ಲಿದೆ ಎಂಬುದು ದನ ಕಾಯುವ ಹುಡುಗನಿಗೆ ಗೊತ್ತಿರುತ್ತದೆ. ಸದ್ದು ಮಾಡದೆ ಬರುವ ಸಣ್ಣ ಗಾಡಿಗೆ ಅಂಥ ಉತ್ತರ ಬೇಗ ಸಿಗುತ್ತದೆ. ಶಿಲಾಸಮಾಧಿ, ಬೂದಿದಿಬ್ಬ, ಕಲ್ಲಾಯುಧದ ನೆಲೆಗಳ ಮೇಲೆ ಗಾಡಿ ಹತ್ತಿಸುವಂತಿಲ್ಲ. ಇಸಾಂಪುರದಂಥ ಕಡೆ ಕಲ್ಲುಗಳು ಬಿದ್ದಿರುವ ರೀತಿಯೇ ಪುರಾವೆ, ಒಂದು ಚಕ್ರ ಹಾದರೂ ಅದು ಕಲಸಿಹೋಗುತ್ತದೆ. ಕಾಡಿನೊಳಗೆ ಅರಣ್ಯ ಇಲಾಖೆಯನ್ನು ಕೇಳದೆ ಹೋಗಬಾರದು.

ಒಟ್ಟಾರೆ

ಮೂರು ಬಗೆಯ ಜನರಿಗೆ ಮೂರು ಉತ್ತರ. ಈ ಸೀಮೆಯಲ್ಲೇ ಇರುವವರು, ವಾರಕ್ಕೊಮ್ಮೆ ಹೊಲದ ಹಾದಿ, ಗುಡಿ, ಕೋಟೆ ಎಂದು ತಿರುಗುವವರು ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವ ನೂರರ ಗಾಡಿಗೆ ಟೈರು, ತಟ್ಟೆ, ಸ್ಪ್ರಾಕೆಟ್ ಮಾಡಿಸಿಕೊಳ್ಳಲಿ. ಕೊಳ್ಳಲೇಬೇಕಾದರೆ ತಳ ಎತ್ತರವಿರುವ ಪ್ಲಾಟಿನಾ, ಇಲ್ಲವೇ ಹಳೆಯ ಸಿಟಿ 110ಎಕ್ಸ್ ಸಾಕು. ವಾಗಣಗೇರಾದ ಕಲ್ಲುಹಾದಿ, ಹುಣಸಗಿಯ ಹಳ್ಳ, ನಾರಾಯಣಪುರದವರೆಗಿನ ಕಾಲುವೆ ಏರಿ ಎಲ್ಲವನ್ನೂ ಒಂದೇ ದಿನ ಪೋಣಿಸುವವರಿಗೆ ಎಕ್ಸ್‌ಪಲ್ಸ್ 200 ಸರಿಯಾದ ಗಾಡಿ. ಹೆದ್ದಾರಿಯಲ್ಲಿ ದೂರದಿಂದ ಬರುವವರಾದರೆ 210. ಕುಳ್ಳಗಿನವರು, ಒಂಟಿಯಾಗಿ ತಿರುಗುವವರು, ಈಗಷ್ಟೇ ಕಲಿತ ಹುಡುಗ ಹುಡುಗಿಯರು ಸೀಟಿನ ಎತ್ತರ ಮತ್ತು ತೂಕ ಎರಡರ ಮುಂದೆ ಉಳಿದ ಎಲ್ಲ ಗುಣಗಳನ್ನೂ ಬಿಟ್ಟುಕೊಡಲಿ.

ಮತ್ತೊಂದು ಕ್ರಮವೂ ಇದೆ, ದುಡ್ಡು ಉಳಿಸುವ ಕ್ರಮ. ಇರುವ ಗಾಡಿಯಲ್ಲಿಯೇ ಒಂದು ಚಳಿಗಾಲ ತಿರುಗಿ ನೋಡಿ. ಅದು ತಳ ಬಡಿದು ನಿಂತಿತೋ, ಏರು ಹತ್ತಲಾರದೆ ನಿಂತಿತೋ, ಅಥವಾ ನಿಮ್ಮ ಧೈರ್ಯ ಸಾಲದೆ ನೀವೇ ನಿಂತಿರೋ ಎಂಬುದನ್ನು ಬರೆದಿಟ್ಟುಕೊಳ್ಳಿ. ತಳ ಬಡಿದಿದ್ದರೆ ಎತ್ತರದ ಗಾಡಿ ಬೇಕು. ಏರು ಹತ್ತದಿದ್ದರೆ ಮೊದಲು ಸ್ಪ್ರಾಕೆಟ್, ಆಮೇಲೆ ಎಂಜಿನ್. ಮೂರನೆಯದಾಗಿದ್ದರೆ ಶೋರೂಮಿನ ಕಡೆ ಹೋಗುವ ಅಗತ್ಯವೇ ಇಲ್ಲ, ಇನ್ನೊಂದು ಚಳಿಗಾಲ ಅದೇ ಗಾಡಿಯಲ್ಲಿ ತಿರುಗಿದರೆ ಸಾಕು.